ಒಂದೇ ಸದ್ದು, ಬೇರೆ ಬೇರೆ ಸ್ಪೆಲ್ಲಿಂಗ್: ಮಕ್ಕಳಿಗೆ ಇಂಗ್ಲಿಷಿನ ಸಮಧ್ವನಿ ಪದಗಳನ್ನು ಕಲಿಸುವ ಬಗೆ

ಹಾಸನದ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಏಳೆಂಟು ಮಕ್ಕಳಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ದಸರಾ ರಜೆಯಲ್ಲಿ ಬೇಲೂರಿನ ಅಜ್ಜಿಯ ಮನೆಗೆ ಹೋಗಿ ಬಂದು, ಆ ವಿಷಯವನ್ನೇ ನಾಲ್ಕು ಗೆರೆಯ ಪುಸ್ತಕದಲ್ಲಿ ಐದಾರು ಸಾಲು ಬರೆದು ತಂದಿದ್ದಳು. ಗಟ್ಟಿಯಾಗಿ ಓದಿದಾಗ ತಪ್ಪೇ ಕೇಳಿಸಲಿಲ್ಲ: ‘ವಿ ಸ್ಟೇಡ್ ದೇರ್ ಫಾರ್ ಟೂ ಡೇಸ್.’ ಪುಸ್ತಕ ಕೈಗೆ ತೆಗೆದುಕೊಂಡು ನೋಡಿದರೆ ‘ದೇರ್’ ಎಂಬಲ್ಲಿ ಟಿ-ಎಚ್-ಇ-ಐ-ಆರ್ ಇತ್ತು, ‘ಟೂ’ ಎಂಬಲ್ಲಿ ಟಿ-ಓ-ಓ ಇತ್ತು. ‘ಅಲ್ಲಿ’ ಎನ್ನಬೇಕಾದ ಕಡೆ ‘ಅವರ’ ಎಂದೂ, ‘ಎರಡು’ ಎನ್ನಬೇಕಾದ ಕಡೆ ‘ಕೂಡ’ ಎಂದೂ ಬರೆದಿದ್ದಳು.

“ಪುಟ್ಟಿ, ಎಲ್ಲಿ ಉಳ್ಕೊಂಡ್ರಿ?” ಎಂದು ಕೇಳಿದೆ.

“ಅಜ್ಜಿ ಮನೇಲಿ ಮಿಸ್. ಅಲ್ಲೇ.”

“ನೀನು ಬರೆದಿರೋದು ‘ಅಲ್ಲಿ’ ಅಂತ ಅಲ್ವಲ್ಲ, ‘ಅವರ’ ಅಂತ ಇದೆ.”

ಆಕೆ ಸಾಲನ್ನು ಇನ್ನೊಮ್ಮೆ ನೋಡಿದಳು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು, ರಬ್ಬರ್ ಹುಡುಕಿದಳು. ‘ದೇರ್’ ತಿದ್ದಿದ ಮೇಲೆ ನಾನು ಹೇಳದೆಯೇ ‘ಟೂ’ ಕೂಡ ಅಳಿಸಿ ಟಿ-ಡಬ್ಲ್ಯು-ಓ ಎಂದು ಬರೆದಳು. ಇದೇ ಮಗುವಿಗೆ ಹಿಂದಿನ ವರ್ಷ ಶಾಲೆಯಲ್ಲಿ ಇದೇ ಪದವನ್ನು ಇಪ್ಪತ್ತು ಸಲ ಇಂಪೊಸಿಷನ್ ಬರೆಸಿದ್ದರಂತೆ. ಇಪ್ಪತ್ತು ಸಲ ಬರೆದದ್ದು ಮಾಡದ ಕೆಲಸವನ್ನು ಒಂದು ಕನ್ನಡದ ಪ್ರಶ್ನೆ ಮಾಡಿತು. ಆ ಪ್ರಶ್ನೆಯನ್ನು ಯಾವಾಗ, ಹೇಗೆ ಕೇಳಬೇಕು, ಅದಕ್ಕಿಂತ ಮೊದಲು ಮತ್ತು ಆಮೇಲೆ ಏನೇನು ಮಾಡಬೇಕು ಎಂಬುದನ್ನು ತಂದೆತಾಯಿಗಳಿಗೂ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸುತ್ತೇನೆ. ಸ್ಪೆಲ್ಲಿಂಗನ್ನು ಇಂಗ್ಲಿಷ್ ಅಕ್ಷರಗಳ ಹೆಸರುಗಳಿಂದಲೇ ಕೊಟ್ಟಿರುವುದರಿಂದ ಓದುವಾಗ ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡರೆ ಅನುಕೂಲ.

ಮಗು ಎಡವುವುದು ಏಕೆ

ಒಂದೇ ರೀತಿ ಉಚ್ಚರಿಸಿ, ಬೇರೆ ಅರ್ಥಕ್ಕೆ ಬೇರೆ ಸ್ಪೆಲ್ಲಿಂಗ್ ಬರೆಯುವ ಪದಗಳನ್ನು ಇಂಗ್ಲಿಷಿನಲ್ಲಿ ಹೋಮೋಫೋನ್ ಎನ್ನುತ್ತಾರೆ. ಕನ್ನಡದಲ್ಲಿ ಸಮಧ್ವನಿ ಪದಗಳು ಎನ್ನಬಹುದು. ನಮ್ಮ ಮಕ್ಕಳು ಮೊದಲು ಕಲಿಯುವ ಲಿಪಿಯಲ್ಲಿ ನುಡಿದಂತೆ ಬರೆಯುತ್ತಾರೆ, ಬರೆದಂತೆ ಓದುತ್ತಾರೆ. ‘ಕೆರೆ’ ಎಂಬ ಸದ್ದನ್ನು ಬರೆಯುವುದಕ್ಕೆ ಇನ್ನೊಂದು ದಾರಿಯೇ ಇಲ್ಲ. ಹಾಗಾಗಿ ‘ಸೀ’ ಎಂಬ ಸದ್ದಿಗೆ ಎಸ್-ಇ-ಇ, ಎಸ್-ಇ-ಎ ಎಂದು ಎರಡು ರೂಪಗಳಿವೆ ಎಂದಾಗ ಮಗುವಿಗೆ ಅದು ಅನ್ಯಾಯವೆನ್ನಿಸುತ್ತದೆ, ಮತ್ತು ಆ ಅನಿಸಿಕೆಯಲ್ಲಿ ತಪ್ಪಿಲ್ಲ.

ಆದರೆ ಒಂದೇ ಸದ್ದಿಗೆ ಎರಡು ಅರ್ಥ ಇರುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ‘ಏಳು ಗಂಟೆಗೆ ಏಳು’ ಎಂದರೆ ಯಾವ ‘ಏಳು’ ಸಂಖ್ಯೆ, ಯಾವುದು ಎಬ್ಬಿಸುವ ಮಾತು ಎಂದು ಮೂರು ವರ್ಷದ ಮಗುವಿಗೂ ಗೊತ್ತು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ದಣಿದು ಕುಳಿತ ಮಗುವಿಗೆ ‘ಇನ್ನು ಹತ್ತು ಮೆಟ್ಟಿಲು ಹತ್ತು’ ಎಂದರೆ ಅದು ಗೊಂದಲಪಡುವುದಿಲ್ಲ. ಇಂಥವುಗಳನ್ನು ಕನ್ನಡ ಪಾಠದಲ್ಲಿ ನಾನಾರ್ಥ ಪದಗಳೆಂದು ಕಲಿಸುತ್ತೇವೆ. ಅಕ್ಕಪಕ್ಕದ ಪದ ನೋಡಿ ಅರ್ಥ ಹಿಡಿಯುವ ಶಕ್ತಿ ಮಗುವಿನಲ್ಲಿ ಆಗಲೇ ಇದೆ. ಇಂಗ್ಲಿಷಿನಲ್ಲಿ ಆ ಅರ್ಥವೇ ಸ್ಪೆಲ್ಲಿಂಗನ್ನು ತೀರ್ಮಾನಿಸುತ್ತದೆ ಎಂಬ ಒಂದು ಸಂಗತಿಯನ್ನು ಮಾತ್ರ ನಾವು ಹೊಸದಾಗಿ ಕಲಿಸಬೇಕು.

ಇಂಗ್ಲಿಷ್ ಹೀಗೇಕಾಯಿತು ಎಂಬುದನ್ನೂ ಮಕ್ಕಳಿಗೆ ಎರಡು ಮಾತಿನಲ್ಲಿ ಹೇಳುವುದು ಒಳ್ಳೆಯದು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರವನ್ನು ತಂದ ಮೇಲೆ ಪದಗಳ ಬರಹರೂಪ ನಿಧಾನವಾಗಿ ನೆಲೆಗೊಂಡಿತು. ಅದೇ ಕಾಲದಿಂದ ಮುಂದಿನ ಎರಡು ಮೂರು ಶತಮಾನಗಳಲ್ಲಿ ಜನರ ಬಾಯಲ್ಲಿ ಸ್ವರಗಳು ಬದಲಾಗುತ್ತಾ ಹೋದವು. ಎಂ-ಇ-ಇ-ಟಿ, ಎಂ-ಇ-ಎ-ಟಿ ಎಂಬ ಎರಡು ‘ಮೀಟ್’ಗಳು ಹಿಂದೆ ಬೇರೆ ಬೇರೆಯಾಗಿಯೇ ಕೇಳಿಸುತ್ತಿದ್ದವು. ‘ನೋ’ ಎಂದು ನಾವು ಓದುವ ಕೆ-ಎನ್-ಓ-ಡಬ್ಲ್ಯು ಪದದ ಕೆ ಅಕ್ಷರವನ್ನು ಒಂದು ಕಾಲದಲ್ಲಿ ನಿಜವಾಗಿಯೂ ಉಚ್ಚರಿಸುತ್ತಿದ್ದರು. ಕನ್ನಡದಲ್ಲೂ ಸದ್ದು ಬದಲಾಗಿದೆ, ಆದರೆ ನಾವು ಬರಹವನ್ನೂ ಜೊತೆಗೇ ಬದಲಿಸಿಕೊಂಡೆವು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರು ಅಲ್ಲಿ ಸಿಕ್ಕಿದ, ಸುಮಾರು 450ನೇ ಇಸವಿಯದೆಂದು ಹೇಳಲಾಗುವ ಶಾಸನದಲ್ಲಿ ‘ಪಲ್ಮಿಡಿ’ ಎಂದಿದೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪಲ್ಮಿಡಿ ಹಲ್ಮಿಡಿಯಾಯಿತು, ಬರವಣಿಗೆಯೂ ಅದರಂತೆ ನಡೆಯಿತು. ಇಂಗ್ಲಿಷಿನವರು ಹಳೆಯ ಬರಹವನ್ನು ಹಾಗೇ ಉಳಿಸಿಕೊಂಡರು. ಇಷ್ಟು ಕೇಳಿದ ಮಗುವಿಗೆ ತಾನು ದಡ್ಡ ಎಂಬ ಅಳುಕು ಕಡಿಮೆಯಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲು ಪುಸ್ತಕದಲ್ಲಿರುವ ತಪ್ಪುಗಳನ್ನು ಬೇರ್ಪಡಿಸಿ

ಇಂಟರ್ನೆಟ್ಟಿನಲ್ಲಿ ಸಿಗುವ ನೂರು ಜೋಡಿಗಳ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸುವುದರಿಂದ ಕೆಲಸ ಶುರುವಾಗಬಾರದು. ಮಗುವಿನದೇ ಕಳೆದ ಒಂದು ತಿಂಗಳ ಬರವಣಿಗೆಯನ್ನು ತೆಗೆದುಕೊಂಡು, ಅದರಲ್ಲಿ ನಿಜವಾಗಿ ಅದಲುಬದಲಾದ ಪದಗಳನ್ನು ಒಂದು ಹಾಳೆಯ ಮೇಲೆ ಇಳಿಸಿಕೊಳ್ಳಿ. ಸಾಮಾನ್ಯವಾಗಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಜೋಡಿಗಳು ಇರುವುದಿಲ್ಲ. ಆಮೇಲೆ ಅವುಗಳಲ್ಲಿ ಯಾವುವು ನಿಜವಾದ ಸಮಧ್ವನಿ ಪದಗಳು, ಯಾವುವು ನಮ್ಮ ನಾಲಗೆಯಲ್ಲಿ ಮಾತ್ರ ಒಂದಾದವು ಎಂದು ಬೇರ್ಪಡಿಸಬೇಕು. ಈ ಕೆಲಸಕ್ಕೆ ಹೆಚ್ಚಿನ ಸಮಯ ಕೊಡಿ, ಏಕೆಂದರೆ ಎರಡಕ್ಕೂ ಮದ್ದು ಬೇರೆ.

ಹಾಸನದ ಹಳ್ಳಿಗಳ ಕಡೆಯ ಮಾತಿನಲ್ಲಿ ಪದದ ಮೊದಲಲ್ಲಿರುವ ಹಕಾರ ಜಾರುತ್ತದೆ. ಹಾಸನ ‘ಆಸ್ನ’ವಾಗುತ್ತದೆ, ಹೊಲ ‘ಒಲ’ವಾಗುತ್ತದೆ. ಹಾಗೆ ಮಾತಾಡುವ ಮನೆಯ ಮಗುವಿಗೆ ಇಂಗ್ಲಿಷಿನ ‘ಹೇರ್’ ಮತ್ತು ‘ಏರ್’, ‘ಹೀಟ್’ ಮತ್ತು ‘ಈಟ್’, ‘ಹೋಲ್ಡ್’ ಮತ್ತು ‘ಓಲ್ಡ್’ ಒಂದೇ ಆಗಿ ಕೇಳಿಸಬಹುದು. ಮನೆಯ ಮಾತಿನಲ್ಲಿ ದೋಷವೇನೂ ಇಲ್ಲ, ಅದನ್ನು ಯಾರೂ ಗೇಲಿ ಮಾಡಬಾರದು. ಆದರೆ ಈ ಜೋಡಿಗಳಿಗೆ ಸ್ಪೆಲ್ಲಿಂಗಿನ ಪಾಠ ಬೇಕಿಲ್ಲ, ಕಿವಿಯ ಪಾಠ ಬೇಕು: ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಹೇರ್’ ಎಂದಾಗ ಉಸಿರು ತಾಗುತ್ತದೆ, ‘ಏರ್’ ಎಂದಾಗ ತಾಗುವುದಿಲ್ಲ ಎಂದು ತೋರಿಸಿದರೆ ಮಗು ಅರ್ಧ ಗಂಟೆಯಲ್ಲಿ ಹಿಡಿದುಕೊಳ್ಳುತ್ತದೆ. ಕನ್ನಡದಲ್ಲಿ ‘ವ’ ಒಂದೇ ಇರುವುದರಿಂದ ‘ವೆಸ್ಟ್’ ಎಂಬ ಸದ್ದಿಗೆ ದಿಕ್ಕೂ ಬರುತ್ತದೆ, ಬನಿಯನ್ನೂ ಬರುತ್ತದೆ. ಡಬ್ಲ್ಯು ಅಕ್ಷರಕ್ಕೆ ತುಟಿಯನ್ನು ದುಂಡಗೆ ಮಾಡುವುದು, ವಿ ಅಕ್ಷರಕ್ಕೆ ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸುವುದು, ಇದನ್ನು ಕನ್ನಡಿಯ ಮುಂದೆ ನಿಲ್ಲಿಸಿ ಮಾಡಿಸಬೇಕು. ಇನ್ನು ಹಿಟ್ಟಿನ ಗಿರಣಿಯನ್ನು ನಾವೆಲ್ಲ ‘ಫ್ಲೋರ್ ಮಿಲ್’ ಎನ್ನುತ್ತೇವೆ, ಎಷ್ಟೋ ಬೋರ್ಡುಗಳಲ್ಲೂ ಹಾಗೇ ಇರುತ್ತದೆ. ಹಾಗಾಗಿ ನಮ್ಮ ಮಕ್ಕಳು ಎಫ್-ಎಲ್-ಓ-ಯು-ಆರ್ ಪದವನ್ನು ಹೂವಿನೊಂದಿಗೆ ಬೆರೆಸುವುದಕ್ಕಿಂತ ನೆಲದೊಂದಿಗೆ ಬೆರೆಸುವುದೇ ಹೆಚ್ಚು. ಇಂಗ್ಲಿಷರ ಉಚ್ಚಾರಣೆಯಲ್ಲಿ ಹಿಟ್ಟೂ ಹೂವೂ ಒಂದೇ ಸದ್ದು. ಮೂಲದಲ್ಲಿ ಅವೆರಡೂ ಒಂದೇ ಪದ, ಬೀಸಿದ ಧಾನ್ಯದ ಅತ್ಯುತ್ತಮ ಭಾಗವನ್ನು ಅದರ ‘ಹೂವು’ ಎಂದು ಕರೆದದ್ದರಿಂದ ಹಿಟ್ಟಿಗೆ ಆ ಹೆಸರು ಬಂತು.

ಇದಕ್ಕೆ ತಿರುಗಾಮುರುಗಾ ಆದ ಸ್ಥಿತಿಯೂ ಇದೆ. ಬ್ರಿಟಿಷ್ ಪಟ್ಟಿಗಳಲ್ಲಿ ‘ಸಾಸ್’ ಮತ್ತು ‘ಸೋರ್ಸ್’, ‘ಕಾಟ್’ ಮತ್ತು ‘ಕೋರ್ಟ್’ ಸಮಧ್ವನಿ ಪದಗಳೆಂದು ಇರುತ್ತವೆ, ಏಕೆಂದರೆ ಇಂಗ್ಲೆಂಡಿನ ಬಹುಪಾಲು ಜನ ಅಲ್ಲಿನ ಆರ್ ಅಕ್ಷರವನ್ನು ನುಡಿಯುವುದಿಲ್ಲ. ನಾವು ನುಡಿಯುತ್ತೇವೆ. ‘ಫಾರ್’ ಮತ್ತು ‘ಫೋರ್’ ಕೂಡ ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಬೇರೆಯೇ. ನಮ್ಮ ಮಕ್ಕಳಿಗೆ ಗೊಂದಲವೇ ಇಲ್ಲದ ಜೋಡಿಯನ್ನು ‘ಇದು ಗೊಂದಲದ ಜೋಡಿ’ ಎಂದು ಕಲಿಸಿ ಹೊಸ ಗೊಂದಲ ಹುಟ್ಟಿಸಬಾರದು. ಅಂಥವುಗಳನ್ನು ಪಟ್ಟಿಯಿಂದ ತೆಗೆದುಹಾಕಿ.

ಜೋಡಿಯಲ್ಲಿ ಒಂದನ್ನು ಮಾತ್ರ ಮೊದಲು ಕಲಿಸಿ

‘ನೋಡಿ ಮಕ್ಕಳೇ, ದೇರ್ ಅಂತ ಮೂರು ಇವೆ’ ಎಂದು ಮೂರನ್ನೂ ಒಟ್ಟಿಗೆ ಕಪ್ಪುಹಲಗೆಯ ಮೇಲೆ ಬರೆಯುವುದು ನಮ್ಮ ಬಹುಕಾಲದ ಅಭ್ಯಾಸ. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ. ಅದರಿಂದ ಆಗುವುದೇನೆಂದರೆ, ಮೂರೂ ಒಂದೇ ದಿನ ಒಂದೇ ಜಾಗದಲ್ಲಿ ಮನಸ್ಸಿಗೆ ಹೋಗಿ, ಒಂದಕ್ಕೊಂದು ಅಂಟಿಕೊಂಡೇ ಉಳಿಯುತ್ತವೆ. ಪದ ಬೇಕಾದಾಗ ಮೂರೂ ಒಟ್ಟಿಗೇ ಮೇಲೆ ಬರುತ್ತವೆ. ಬದಲಾಗಿ ಹೆಚ್ಚು ಬಳಕೆಯ ಒಂದನ್ನು ತೆಗೆದುಕೊಂಡು, ಅದರ ಜೋಡಿಯ ಸುದ್ದಿಯನ್ನೇ ಎತ್ತದೆ, ಒಂದು ವಾರ ಓದಿಸಿ, ಬರೆಸಿ, ಮಾತಿನಲ್ಲಿ ಬಳಸಿ. ಅದು ಗಟ್ಟಿಯಾದ ಮೇಲೆ ಎರಡನೆಯದನ್ನು ತನ್ನಷ್ಟಕ್ಕೆ ಕಲಿಸಿ. ಎರಡೂ ಪ್ರತ್ಯೇಕವಾಗಿ ನಿಂತ ನಂತರವೇ ಪಕ್ಕಪಕ್ಕ ಇಟ್ಟು ಹೋಲಿಸಬೇಕು. ನಲಿ-ಕಲಿ ತರಗತಿಗಳಲ್ಲಿ, ಅಂದರೆ ಒಂದರಿಂದ ಮೂರನೇ ತರಗತಿಯವರೆಗೆ, ಹೋಲಿಕೆಯ ಪಾಠ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಈಗಾಗಲೇ ಎರಡನ್ನೂ ಬೆರೆಸಿಕೊಂಡಿರುವ ದೊಡ್ಡ ಮಗುವಿಗೂ ಇದೇ ಕ್ರಮ ನಡೆಯುತ್ತದೆ. ಒಂದು ಪದವನ್ನು ಪೂರ್ತಿ ಬಿಗಿ ಮಾಡಿದರೆ ಇನ್ನೊಂದು ಅರ್ಧ ತಾನಾಗಿ ಸರಿಹೋಗುತ್ತದೆ.

ಕನ್ನಡದ ಪ್ರಶ್ನೆ

ಇನ್ನು ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇನೆ. ಮಗು ಪದ ಬರೆಯುವ ಮುನ್ನ, ಅಥವಾ ಬರೆದ ಪದವನ್ನು ತಿದ್ದುವ ಮುನ್ನ, ‘ಇಲ್ಲಿ ಕನ್ನಡದಲ್ಲಿ ಏನು ಹೇಳುತ್ತೀಯ?’ ಎಂದು ಕೇಳಬೇಕು. ಇಂಗ್ಲಿಷಿನಲ್ಲಿ ಒಂದಾಗಿರುವ ಸದ್ದುಗಳು ಕನ್ನಡಕ್ಕೆ ಬಂದ ಕೂಡಲೇ ಬೇರೆಬೇರೆಯಾಗಿ ನಿಲ್ಲುತ್ತವೆ, ಏಕೆಂದರೆ ನಮ್ಮ ವಿಭಕ್ತಿ ಪ್ರತ್ಯಯಗಳು ಯಾವುದನ್ನೂ ಮುಚ್ಚಿಡುವುದಿಲ್ಲ.

‘ದೇರ್’ ಎಂಬಲ್ಲಿ ಬಾಯಿಗೆ ‘ಅವರ’ ಬಂದರೆ ಟಿ-ಎಚ್-ಇ-ಐ-ಆರ್. ‘ಅಲ್ಲಿ’ ಬಂದರೆ ಟಿ-ಎಚ್-ಇ-ಆರ್-ಇ. ‘ಅವರು’ ಬಂದರೆ ಮೂರನೆಯದು, ‘ದೇ’ ಮತ್ತು ‘ಆರ್’ (ಎ-ಆರ್-ಇ) ಎಂಬ ಎರಡು ಪದ ಕೂಡಿದ್ದು. ‘ಯುವರ್’ ಎಂಬಲ್ಲಿ ‘ನಿನ್ನ’ ಬಂದರೆ ವೈ-ಓ-ಯು-ಆರ್, ‘ನೀನು’ ಬಂದರೆ ಯೂ ಮತ್ತು ಆರ್ ಕೂಡಿದ್ದು. ‘ಇಟ್ಸ್’ ಎಂಬಲ್ಲಿ ‘ಅದರ’ ಮತ್ತು ‘ಅದು’, ‘ಹೂಸ್’ ಎಂಬಲ್ಲಿ ‘ಯಾರ’ ಮತ್ತು ‘ಯಾರು’. ಈ ನಾಲ್ಕೂ ಕಡೆ ವ್ಯತ್ಯಾಸ ಒಂದೇ: ಷಷ್ಠಿ ಬಂದರೆ ಇಡೀ ಪದ, ಪ್ರಥಮಾ ಬಂದರೆ ಕೂಡಿಸಿದ ಪದ. ವಿಭಕ್ತಿಯ ಹೆಸರುಗಳು ಚಿಕ್ಕ ಮಕ್ಕಳಿಗೆ ಬೇಕಾಗಿಲ್ಲ. ‘ಅವರ’, ‘ಅವರು’ ಎರಡನ್ನೂ ಎಳೆದು ಹೇಳಿ ಕೊನೆಯ ಸದ್ದನ್ನು ಕೇಳಿಸಿದರೆ ಸಾಕು.

‘ಟು’ ವಿಷಯದಲ್ಲಿ ನಮ್ಮ ಕಡೆಯ ಆಡುಮಾತು ಪುಸ್ತಕದ ಕನ್ನಡಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ‘ಹಾಸನಕ್ಕೆ ಹೋದೆ’ ಎನ್ನುವಲ್ಲಿ ‘ಕ್ಕೆ’ ಇದೆ. ‘ದೇವಸ್ಥಾನ ನೋಡಕ್ಕೆ ಹೋದೆ’ ಎನ್ನುವಲ್ಲಿಯೂ ‘ಕ್ಕೆ’ ಇದೆ. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಹಿಂದೆಯೂ ಕ್ರಿಯಾಪದದ ಹಿಂದೆಯೂ ಬರುವುದು ಅದೇ ಟಿ-ಓ. ‘ಗೆ’ ಅಥವಾ ‘ಕ್ಕೆ’ ಬಂದರೆ ಒಂದೇ ಓ. ಇನ್ನು ‘ನಾನು’ ಎಂಬುದನ್ನು ‘ನಾನೂ’ ಎಂದು ಎಳೆದಾಗ ‘ನಾನು ಕೂಡ’ ಎಂಬ ಅರ್ಥ ಬರುತ್ತದಲ್ಲ, ಹಾಗೆಯೇ ಇಂಗ್ಲಿಷಿನಲ್ಲೂ ಓ ಒಂದು ಹೆಚ್ಚಾಗಿ ಟಿ-ಓ-ಓ ಆಗುತ್ತದೆ. ‘ತೀರಾ ಬಿಸಿ’, ‘ತೀರಾ ದೂರ’ ಎನ್ನುವಾಗಲೂ ಅಳತೆ ಮೀರಿದೆ, ಅಲ್ಲೂ ಓ ಹೆಚ್ಚು. ಕನ್ನಡದ ದೀರ್ಘವನ್ನು ಹೀಗೆ ಇಂಗ್ಲಿಷಿನ ಎರಡು ಓಗಳಿಗೆ ಜೋಡಿಸಿ ತೋರಿಸಿದ ಮೇಲೆ ನನ್ನ ಮಕ್ಕಳು ಈ ಪದವನ್ನು ತಪ್ಪುವುದು ಅಪರೂಪ.

ಈ ಪ್ರಶ್ನೆ ಕೈಕೊಡುವ ಎರಡು ಕಡೆಗಳನ್ನು ಮೊದಲೇ ತಿಳಿದಿರಬೇಕು. ‘ದೇರ್ ಆರ್ ಟೆನ್ ಕೌಸ್’ ಎಂಬುದನ್ನು ಕನ್ನಡದಲ್ಲಿ ‘ಹತ್ತು ಹಸುಗಳಿವೆ’ ಎನ್ನುತ್ತೇವೆ. ಅಲ್ಲಿ ‘ಅಲ್ಲಿ’ ಎಂಬ ಪದವೇ ಬರುವುದಿಲ್ಲ, ಮಗು ತಬ್ಬಿಬ್ಬಾಗುತ್ತದೆ. ಇದಕ್ಕೆ ಬೇರೆ ಗುರುತು ಹೇಳಿಕೊಡಿ: ಮುಂದಿನ ಪದ ಈಸ್, ಆರ್, ವಾಸ್, ವರ್ ಆಗಿದ್ದು, ‘ಇದೆ, ಇವೆ, ಇತ್ತು, ಇದ್ದವು’ ಎಂಬ ಅರ್ಥವಿದ್ದರೆ ಟಿ-ಎಚ್-ಇ-ಆರ್-ಇ. ಎರಡನೆಯದು ಇದಕ್ಕಿಂತ ಸೂಕ್ಷ್ಮ. ‘ಅವರು ರೈತರು’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವಿಲ್ಲ, ಇಂಗ್ಲಿಷಿನಲ್ಲಿ ಮಾತ್ರ ‘ಆರ್’ ಬೇಕೇಬೇಕು. ನಮ್ಮ ಮಕ್ಕಳು ‘ಅವರು ರೈತರು’ ಎನ್ನಬೇಕಾದಲ್ಲಿ ‘ಅವರ ರೈತರು’ ಎಂಬ ಅರ್ಥ ಬರುವಂತೆ ಬರೆಯುವುದಕ್ಕೆ ಇದೇ ಕಾರಣ. ಕನ್ನಡದಲ್ಲಿ ಇಲ್ಲದ ‘ಆರ್’ ಅವರಿಗೆ ಕಾಣಿಸುವುದಿಲ್ಲ. ಆದ್ದರಿಂದ ಕೂಡಿಸಿದ ರೂಪ ಬರೆಯುವ ಮೊದಲು ‘ದೇ ಆರ್’ ಎಂದು ಬಿಡಿಸಿ ಓದಿಸಿ, ಬಿಡಿಸಿದಾಗ ವಾಕ್ಯ ನಿಂತರೆ ಮಾತ್ರ ಕೂಡಿಸಲು ಹೇಳಿ.

ಕೂಡಿಸಿದ ರೂಪದಲ್ಲಿ ಮೇಲೆ ಬರುವ ಆ ಸಣ್ಣ ಕೊಂಡಿಯನ್ನು, ಅಪಾಸ್ಟ್ರಫಿಯನ್ನು, ಮಕ್ಕಳು ‘ಮೇಲಿನ ಕಾಮಾ’ ಎನ್ನುತ್ತಾರೆ. ಅದಕ್ಕೆ ನಮ್ಮ ಲೋಪಸಂಧಿಗಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಮಾತು ಮತ್ತು ಇಲ್ಲ ಸೇರಿ ‘ಮಾತಿಲ್ಲ’ ಆಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ, ನಾವು ಅದರ ಗುರುತು ಉಳಿಸುವುದಿಲ್ಲ. ಇಂಗ್ಲಿಷಿನವರು ಅಕ್ಷರ ಬಿದ್ದ ಜಾಗದಲ್ಲಿ ಒಂದು ಗುರುತು ಇಡುತ್ತಾರೆ. ಇಟ್ ಮತ್ತು ಈಸ್ ಕೂಡಿ ‘ಇಟ್ಸ್’ ಆಗುವಾಗ ಐ ಬಿದ್ದಿದೆ, ಅಲ್ಲಿ ಗುರುತು. ‘ಅದರ ಬಾಲ’ ಎನ್ನುವ ‘ಇಟ್ಸ್’ನಲ್ಲಿ ಏನೂ ಬಿದ್ದಿಲ್ಲ, ಗುರುತೂ ಇಲ್ಲ. ಚುರುಕಾದ ಮಗು ಇಲ್ಲಿ ಖಂಡಿತ ಒಂದು ಪ್ರಶ್ನೆ ಕೇಳುತ್ತದೆ: ‘ರವಿಯ ಪುಸ್ತಕ’ ಎನ್ನಲು ರವಿಯ ಹೆಸರಿನ ಮುಂದೆ ಗುರುತು ಹಾಕುತ್ತೇವಲ್ಲ, ‘ಅದರ’ ಎನ್ನಲು ಏಕೆ ಹಾಕಬಾರದು? ಹೆಸರುಗಳಿಗೆ ಮಾತ್ರ ಆ ಗುರುತು, ಹಿಸ್, ಹರ್, ಅವರ್, ಯುವರ್, ದೇರ್ ಯಾವ ಸರ್ವನಾಮಕ್ಕೂ ಇಲ್ಲ, ಇಟ್ಸ್ ಅವುಗಳ ಸಾಲಿನದು ಎಂದು ಉತ್ತರ ಹೇಳಿ. ಈ ಪ್ರಶ್ನೆ ಕೇಳಿದ ಮಗುವನ್ನು ಮೆಚ್ಚಿಕೊಳ್ಳಿ; ಇಂಗ್ಲಿಷಿನವರೂ ಇಲ್ಲಿ ಎಡವುತ್ತಾರೆ.

ಈ ವಿಧಾನದ ಇನ್ನೊಂದು ಅನುಕೂಲ ದೊಡ್ಡದು. ಇಂಗ್ಲಿಷ್ ಓದಿಲ್ಲದ ತಾಯಿಯೂ, ತೋಟದ ಕೆಲಸದಿಂದ ಬಂದು ಮಗುವಿನ ಪಕ್ಕದಲ್ಲಿ ಕೂರುವ ಅಪ್ಪನೂ ಈ ಪ್ರಶ್ನೆಯನ್ನು ಕೇಳಬಹುದು. ಉತ್ತರದ ಸ್ಪೆಲ್ಲಿಂಗ್ ಅವರಿಗೆ ಗೊತ್ತಿರಬೇಕಾಗಿಲ್ಲ. ‘ಇಲ್ಲಿ ಅವರ ಅಂತಲೋ, ಅಲ್ಲಿ ಅಂತಲೋ?’ ಎಂದು ಕೇಳಿದರೆ ಮಗು ತಾನೇ ಹುಡುಕಿಕೊಳ್ಳುತ್ತದೆ.

ಪದದ ಒಳಗೆ ನೋಡುವುದು

ಅರ್ಥ ಗೊತ್ತಾದ ಮೇಲೆ ಆ ಅರ್ಥಕ್ಕೆ ಯಾವ ಸ್ಪೆಲ್ಲಿಂಗ್ ಎಂಬುದು ನೆನಪಿನಲ್ಲಿ ಉಳಿಯಬೇಕು. ಇದಕ್ಕೆ ಪದದ ಬಂಧುಬಳಗವನ್ನು ತೋರಿಸುವುದು ನನ್ನ ಮೊದಲ ಆಯ್ಕೆ. ಕನ್ನಡದ ‘ಇಲ್ಲಿ, ಅಲ್ಲಿ, ಎಲ್ಲಿ’ ಮೂರರಲ್ಲೂ ‘ಲ್ಲಿ’ ಇರುವಂತೆ ಇಂಗ್ಲಿಷಿನ ‘ಹಿಯರ್, ದೇರ್, ವೇರ್’ ಮೂರರ ಕೊನೆಯಲ್ಲೂ ಇ-ಆರ್-ಇ ಇದೆ. ಜಾಗ ಹೇಳುವ ಪದಗಳ ಮನೆತನದ ಗುರುತು ಅದು. ಕೇಳಿಸಿಕೊಳ್ಳುವ ‘ಹಿಯರ್’ನ ಒಳಗೆ ಕಿವಿ, ಅಂದರೆ ಇ-ಎ-ಆರ್, ಅಡಗಿದೆ. ನಮ್ಮ ಎರಡು ಎಂಬುದು ಇಬ್ಬರು, ಇಪ್ಪತ್ತು, ಇನ್ನೂರು, ಇಮ್ಮಡಿ ಎಂದು ‘ಇ’ ಹಿಡಿದು ನಡೆಯುವಂತೆ, ಇಂಗ್ಲಿಷಿನ ‘ಟೂ’ ಕೂಡ ಟ್ವಿನ್, ಟ್ವೈಸ್, ಟ್ವೆಲ್ವ್, ಟ್ವೆಂಟಿಗಳ ಜೊತೆ ಟಿ-ಡಬ್ಲ್ಯು ಹಿಡಿದಿದೆ. ಮಿಕ್ಕವುಗಳಲ್ಲಿ ಆ ಡಬ್ಲ್ಯು ಕೇಳಿಸುತ್ತದೆ, ಇದೊಂದರಲ್ಲಿ ಮೌನವಾಗಿದೆ. ಮಗ ಎಂಬ ‘ಸನ್’ಗೆ ಮದರ್, ಬ್ರದರ್ ಪದಗಳಲ್ಲಿರುವ ಓ, ಸೂರ್ಯ ಎಂಬ ‘ಸನ್’ಗೆ ಸಂಡೇಯಲ್ಲಿರುವ ಯು. ತಿಳಿ ಎಂಬ ‘ನೋ’ಗೆ ನಾಲೆಜ್ ಪದದ ಕೆ, ಅದರ ಭೂತಕಾಲ ‘ನ್ಯೂ’ಗೂ ಅದೇ ಕೆ. ಬ್ರೇಕ್‌ಫಾಸ್ಟ್ ಎಂದರೆ ರಾತ್ರಿಯ ಉಪವಾಸವನ್ನು ಮುರಿಯುವುದು. ಮುರಿ ಎಂಬ ಬಿ-ಆರ್-ಇ-ಎ-ಕೆ ಅದರಲ್ಲಿ ಹಾಗೇ ಇದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಲಾರಿಯ ಬ್ರೇಕು ಬಿ-ಆರ್-ಎ-ಕೆ-ಇ.

ಬಂಧುಬಳಗ ಸಿಗದ ಕಡೆ ಸಣ್ಣ ಚಿತ್ರಗಳು ಸಹಾಯಕ್ಕೆ ಬರುತ್ತವೆ. ‘ಸೀ’ಯಲ್ಲಿರುವ ಎರಡು ಇ ಎರಡು ಕಣ್ಣು. ತಿನ್ನುವ ‘ಮೀಟ್’ನ ಒಳಗೆ ‘ಈಟ್’ ಇದೆ. ನೀರಾದ ಟೀಯನ್ನು ‘ವೀಕ್ ಟೀ’ ಎನ್ನುತ್ತೇವಲ್ಲ, ಆ ಎರಡೂ ಪದಗಳಲ್ಲಿ ಇ-ಎ ಇದೆ. ಕಾಫಿ ನಾಡಿನ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ಆದರೆ ಇಂಥ ಉಪಾಯಗಳನ್ನು ಮಿತಿಯಲ್ಲಿಡಬೇಕು. ಹತ್ತಿಪ್ಪತ್ತು ಉಪಾಯ ಹೇಳಿಕೊಟ್ಟರೆ ಯಾವ ಪದಕ್ಕೆ ಯಾವ ಉಪಾಯ ಎಂಬುದೇ ಇನ್ನೊಂದು ಬಾಯಿಪಾಠವಾಗುತ್ತದೆ. ಮಗು ತಾನಾಗಿ ಒಂದು ಕಟ್ಟಿಕೊಂಡರೆ ಅದು ಎಷ್ಟು ವಿಚಿತ್ರವಾಗಿದ್ದರೂ ಅದನ್ನೇ ಉಳಿಸಿ. ಬಸ್ಸಿನ ಕಂಡಕ್ಟರ್ ‘ರೈಟ್, ರೈಟ್’ ಎಂದಾಗ ಬಸ್ಸಿನ ಹೆಡ್‌ಲೈಟ್ ಹತ್ತುತ್ತದೆ, ಆದ್ದರಿಂದ ಆ ‘ರೈಟ್’ಗೆ ‘ಲೈಟ್’ನ ಐ-ಜಿ-ಎಚ್-ಟಿ ಎಂದು ಒಬ್ಬ ಹುಡುಗ ಹೇಳಿದ್ದ. ಅವನು ಆಮೇಲೆ ಎಂದೂ ಅದನ್ನು ತಪ್ಪಲಿಲ್ಲ.

ಉಕ್ತಲೇಖನ ಮತ್ತು ತಿದ್ದುವ ಕ್ರಮ

ಸಮಧ್ವನಿ ಪದವನ್ನು ಒಂಟಿಯಾಗಿ ಉಕ್ತಲೇಖನಕ್ಕೆ ಕೊಡುವುದು ತಪ್ಪು. ‘ಸೀ’ ಎಂದು ಮಾತ್ರ ಹೇಳಿದರೆ ಮಗು ಯಾವುದನ್ನು ಬರೆಯಬೇಕು? ಯಾವಾಗಲೂ ಇಡೀ ವಾಕ್ಯ ಕೊಡಿ. ಒಂದನೆಯ ಸಲ ಓದುವಾಗ ಪೆನ್ಸಿಲ್ ಕೆಳಗಿರಲಿ, ಮಗು ಕೇಳಿಸಿಕೊಳ್ಳಲಿ. ಎರಡನೆಯ ಸಲ ಬರೆಯಲಿ. ಮೂರನೆಯ ಸಲ ಓದುವಾಗ ಬರೆದದ್ದನ್ನು ಬೆರಳಿಟ್ಟು ನೋಡಿಕೊಳ್ಳಲಿ. ‘ಟೂ ಬಾಯ್ಸ್ ವೆಂಟ್ ಟು ಆಲೂರ್, ಅಂಡ್ ಐ ವೆಂಟ್ ಟೂ’ ಎಂಬಂಥ ವಾಕ್ಯ ನಾಲ್ಕೈದು ಸಾಕು. ಬರೆದು ಮುಗಿದ ಮೇಲೆ, ಪ್ರತಿ ಸಮಧ್ವನಿ ಪದಕ್ಕೂ ಅದರ ಅರ್ಥವನ್ನು ಯಾವ ಪಕ್ಕದ ಪದ ಹೇಳಿಕೊಟ್ಟಿತೋ ಅದರ ಸುತ್ತ ವೃತ್ತ ಹಾಕಿಸಿ. ಮೊದಲ ‘ಟೂ’ಗೆ ‘ಬಾಯ್ಸ್’, ಎರಡನೆಯದಕ್ಕೆ ‘ಆಲೂರ್’. ಈ ವೃತ್ತ ಹಾಕುವ ಅಭ್ಯಾಸ ತಪ್ಪಿಸಬೇಡಿ. ಮಗು ಊಹಿಸಿ ಬರೆದಿದೆಯೋ ತಿಳಿದು ಬರೆದಿದೆಯೋ ಎಂಬುದು ಅದರಿಂದಲೇ ನಮಗೆ ಗೊತ್ತಾಗುವುದು.

ತಪ್ಪಾದಾಗ ಕೆಂಪು ಪೆನ್ನಿನಲ್ಲಿ ಸರಿಯಾದ ಪದವನ್ನು ನಾವೇ ಬರೆದುಬಿಡಬಾರದು. ಸಾಲಿನ ಅಂಚಿನಲ್ಲಿ, ಆ ಪದ ಈಗ ಹೇಳುತ್ತಿರುವ ಅರ್ಥವನ್ನು ಕನ್ನಡದಲ್ಲಿ ಬರೆಯಿರಿ. ‘ಅವರ’ ಎಂದು ಅಂಚಿನಲ್ಲಿ ಕಂಡರೆ ಮಗು ತಾನೇ ತಿದ್ದಿಕೊಳ್ಳುತ್ತದೆ. ಇಂಪೊಸಿಷನ್ ಇಲ್ಲಿ ಏಕೆ ಉಪಯೋಗಕ್ಕೆ ಬರುವುದಿಲ್ಲವೆಂದರೆ, ಮಗುವಿಗೆ ಆ ಪದದ ಅಕ್ಷರಗಳು ಗೊತ್ತೇ ಇರುತ್ತವೆ, ತಪ್ಪಿರುವುದು ಆಯ್ಕೆಯಲ್ಲಿ. ಒಂದೇ ಪದವನ್ನು ಸಾಲಾಗಿ ಬರೆಯುವಾಗ ಆಯ್ಕೆ ಮಾಡುವ ಪ್ರಸಂಗವೇ ಬರುವುದಿಲ್ಲ. ಮೊಬೈಲಿನ ಸಾಮಾನ್ಯ ಸ್ಪೆಲ್ ಚೆಕ್ ಕೂಡ ಇದೇ ಕಾರಣಕ್ಕೆ ಹಲವು ಸಲ ಸುಮ್ಮನಿರುತ್ತದೆ: ಪದ ನಿಘಂಟಿನಲ್ಲಿದೆ, ಅದರ ಮಟ್ಟಿಗೆ ಸರಿ.

ಒಂದ್ಸಲ ಸರಿ ಬರೆದ ಜೋಡಿಯನ್ನು ಮರುದಿನ, ಮೂರು ದಿನದ ಮೇಲೆ, ಮತ್ತೆ ಒಂದು ವಾರದ ಮೇಲೆ ಎರಡೆರಡು ವಾಕ್ಯದಲ್ಲಿ ಕೇಳಿ. ಒಟ್ಟು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ.

ಯಾವ ತರಗತಿಗೆ ಯಾವುದು ಎಂದು ಕೇಳುವವರಿಗೆ: ಎರಡು ಮೂರನೇ ತರಗತಿಗೆ ಸೀ, ಸನ್, ಹಿಯರ್ ಮತ್ತು ‘ಟು’ಗಳಲ್ಲಿ ಟಿ-ಓ, ಟಿ-ಡಬ್ಲ್ಯು-ಓ ಎರಡು, ಅದೂ ಬಿಡಿಬಿಡಿಯಾಗಿ. ನಾಲ್ಕು ಐದಕ್ಕೆ ಅವರ-ಅಲ್ಲಿ, ರೈಟ್, ನೋ, ವೀಕ್, ಮೀಟ್, ಬ್ರೇಕ್, ಮತ್ತು ಉಳಿದ ‘ಟೂ’, ಅಂದರೆ ಟಿ-ಓ-ಓ. ಅಪಾಸ್ಟ್ರಫಿ ಇರುವವು ಆರನೇ ತರಗತಿಗೆ ಮುಂಚೆ ಅವಸರವಿಲ್ಲ. ಪ್ರಿನ್ಸಿಪಲ್, ಸ್ಟೇಷನರಿಗಳಂಥ ಜೋಡಿಗಳನ್ನು ಹೈಸ್ಕೂಲಿಗೆ ಬಿಡಿ.

ಕೊನೆಯದಾಗಿ, ಪ್ರತಿ ಮಗುವಿಗೂ ಒಂದು ನೂರು ಪುಟದ ನೋಟ್‌ಬುಕ್ಕನ್ನು ಇದಕ್ಕಾಗಿಯೇ ಇಡಿ. ಎಡಗಡೆಯ ಪುಟ ಜೋಡಿಯ ಒಂದು ಪದಕ್ಕೆ, ಬಲಗಡೆಯದು ಇನ್ನೊಂದಕ್ಕೆ. ಪುಟದ ತಲೆಯಲ್ಲಿ ಕನ್ನಡದ ಅರ್ಥ, ಕೆಳಗೆ ಮಗುವಿನದೇ ವಾಕ್ಯಗಳು. ಪುಸ್ತಕದ ವಾಕ್ಯ ನಕಲು ಮಾಡುವುದಕ್ಕೆ ಅಲ್ಲಿ ಜಾಗವಿಲ್ಲ. ಮನೆ, ಊರು, ತೋಟದ ವಿಷಯ ಮಾತ್ರ. ಎರಡೂ ಪದ ಗಟ್ಟಿಯಾದ ದಿನ ಎರಡನ್ನೂ ಒಂದೇ ವಾಕ್ಯದಲ್ಲಿ ತರಲು ಹೇಳಿ, ಅದನ್ನು ಎರಡೂ ಪುಟಗಳ ಮೇಲೆ ಅಡ್ಡಲಾಗಿ ಬರೆಯಲಿ. ಬೇಲೂರಿಗೆ ಹೋಗಿ ಬಂದ ಹುಡುಗಿ ಜನವರಿಯಲ್ಲಿ, ಅಜ್ಜಿಯ ಊರಿನಲ್ಲಿ ಪಕ್ಕದ ಮನೆಯವರು ಕಣದಲ್ಲಿ ಕಾಫಿ ಹರವಿದ್ದನ್ನು ನೆನೆದು, ಆ ಅಡ್ಡ ಸಾಲು ಬರೆದಳು: ‘ದೇರ್ ಕಾಫಿ ಈಸ್ ಡ್ರೈಯಿಂಗ್ ದೇರ್.’ ಮೊದಲನೆಯದು ಟಿ-ಎಚ್-ಇ-ಐ-ಆರ್, ಕೊನೆಯದು ಟಿ-ಎಚ್-ಇ-ಆರ್-ಇ. ‘ಕಾಫಿ’ ಎಂಬ ಪದದ ಸುತ್ತ ಪೆನ್ಸಿಲಿನ ಒಂದು ದುಂಡನೆಯ ವೃತ್ತವೂ ಇತ್ತು.